ಒಂದು ಮತದ ಕಥೆಯಲ್ಲಿ ಇಲ್ಲದವರು

ಚುನಾವಣೆ ಬಂತೆಂದರೆ ನಮ್ಮ ಸೀಮೆಯ ಕಥೆಯೊಂದು ನಾಡಿನ ತುಂಬ ಓಡಾಡತೊಡಗುತ್ತದೆ. ಪತ್ರಿಕೆಗಳು ಅದನ್ನು ಮತ್ತೆ ಅಚ್ಚು ಹಾಕುತ್ತವೆ, ಮತದಾರರ ಜಾಗೃತಿ ಜಾಥಾಗಳಲ್ಲಿ ಅಧಿಕಾರಿಗಳು ಹೇಳುತ್ತಾರೆ, ಶಾಲೆಯ ಮಕ್ಕಳು ಭಾಷಣ ಸ್ಪರ್ಧೆಗೆಂದು ಬಾಯಿಪಾಠ ಮಾಡುತ್ತಾರೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ. ಒಂದೇ ಒಂದು ಮತದ ಅಂತರ. ಸೋತ ಅಭ್ಯರ್ಥಿಯ ಕಾರು ಚಾಲಕನಿಗೆ ಅಂದಿನ ಕೆಲಸದ ನಡುವೆ ಮತ ಹಾಕಲು ಬಿಡುವಾಗಲಿಲ್ಲವಂತೆ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಕೇಳಿದವರು ನಗುತ್ತಾರೆ, 'ಅಯ್ಯೋ' ಅನ್ನುತ್ತಾರೆ, ಒಂದು ಮತಕ್ಕೂ ಬೆಲೆಯಿದೆ ಎಂಬ ನೀತಿಯೊಂದಿಗೆ ಮನೆಗೆ ಹೋಗುತ್ತಾರೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಇದು ಮನೆಯ ಕಥೆ. ಕ್ಷೇತ್ರಗಳ ಮರುವಿಂಗಡಣೆಯಾಗಿ 2008ರಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಯಳಂದೂರಿನವರು ಈಗ ಕೊಳ್ಳೇಗಾಲ ಕ್ಷೇತ್ರದ ಮತದಾರರು. ಆದರೆ ಕಥೆ ಮಾತ್ರ ಉಳಿದುಕೊಂಡಿತು. ಸಣ್ಣಕಥೆಗಳನ್ನು ಬರೆದುಕೊಂಡು ಬಂದ ನಾವು ಒಮ್ಮೆ ಇದನ್ನು ಬೇರೆಯವರ ಕಥೆ ಓದುವ ಹಾಗೆಯೇ ಓದಿ ನೋಡಿದೆವು. ನೀತಿ ಸರಿಯಾಗಿದೆ, ಕಥೆಯಲ್ಲಿ ದೋಷವಿದೆ ಅನ್ನಿಸಿತು. ಆ ದೋಷ ನಮ್ಮ ಬದುಕಿನಲ್ಲೂ ಇರುವುದರಿಂದ ಅದರ ಬಗ್ಗೆ ಬರೆಯಬೇಕಾಯಿತು.

ಮೊದಲ ದೋಷ, ಈ ಕಥೆ ಒಬ್ಬ ತಪ್ಪಿತಸ್ಥನನ್ನು ಹುಡುಕುತ್ತದೆ. ಆ ಇಬ್ಬರಿಗೆ ಮತ ಹಾಕಿದವರೇ 81,503 ಮಂದಿ. ಅವರಲ್ಲದೆ ಅಂದು ಮನೆಯಲ್ಲೇ ಉಳಿದವರು, ಕೂಲಿಗೆ ಹೋದವರು, ಮದುವೆಗೆ ಹೋದವರು, ಪಟ್ಟಿಯಲ್ಲಿ ಹೆಸರಿಲ್ಲದೆ ಹಿಂತಿರುಗಿದವರು ಎಷ್ಟೋ ಜನ ಇದ್ದಿರಬೇಕು. ಅಷ್ಟೂ ಜನರಲ್ಲಿ ಕಥೆಯ ಬೆರಳು ಹೋಗಿ ನಿಲ್ಲುವುದು ಸಂಬಳಕ್ಕೆ ಗಾಡಿ ಓಡಿಸುವ ಒಬ್ಬನ ಮೇಲೆ. ಮತದಾನದ ದಿನ ದುಡಿಯುವವರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಆದರೆ ಆ ದಿನ ಎಲ್ಲ ಪಕ್ಷಗಳ ಗಾಡಿಗಳೂ ಓಡಲೇಬೇಕು, ಓಡಿಸಲು ಯಾರಾದರೂ ಇರಲೇಬೇಕು. ಇಪ್ಪತ್ತು ವರ್ಷ ಕಳೆದರೂ ಆ ಚಾಲಕನಿಗೆ ಕಥೆಯಲ್ಲಿ ಒಂದು ಮಾತೂ ಇಲ್ಲ. ನಮ್ಮ ನಗೆಗೆ ಆತ ಸಿಕ್ಕಿದ, ಅಷ್ಟೆ.

ಎರಡನೆಯ ದೋಷ, ಕಥೆ ಎಣಿಕೆಯ ದಿನಕ್ಕೇ ಮುಗಿದುಹೋಗುತ್ತದೆ. 40,752 ಜನ ಒಂದು ಕಡೆ, 40,751 ಜನ ಇನ್ನೊಂದು ಕಡೆ ಎಂದರೆ ಆ ಕ್ಷೇತ್ರ ಹೇಳಿದ್ದಾದರೂ ಏನು? ಅದು ಯಾರನ್ನೂ ತಿರಸ್ಕರಿಸಲಿಲ್ಲ, ಯಾರನ್ನೂ ತಲೆಯ ಮೇಲೆ ಹೊತ್ತುಕೊಳ್ಳಲೂ ಇಲ್ಲ. ಕುರ್ಚಿ ಒಂದೇ ಇದ್ದುದರಿಂದ ಒಬ್ಬರು ಕುಳಿತರು. ಅದು ನಿಯಮ, ನ್ಯಾಯವೂ ಹೌದು. ಮರುದಿನ ಬೆಳಿಗ್ಗೆ ಅದೇ 81,503 ಜನ ಅದೇ ಸಂತೆಗೆ, ಅದೇ ನ್ಯಾಯಬೆಲೆ ಅಂಗಡಿಗೆ, ಅದೇ ಬಸ್ಸಿಗೆ ಬರಬೇಕು. ಆ ಬೆಳಿಗ್ಗೆಯ ಬಗ್ಗೆ ಕಥೆ ಏನನ್ನೂ ಹೇಳುವುದಿಲ್ಲ.

ನಮಗೆ ಗೊತ್ತಿರುವುದು ಅಂಥ ಬೆಳಗುಗಳೇ. 2019ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರದಿಂದ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಗೆದ್ದರು, 2004ರಲ್ಲಿ ಒಂದು ಮತದಿಂದ ಗೆದ್ದಿದ್ದ ಧ್ರುವನಾರಾಯಣ ಅವರೇ ಸೋತರು. ಅಂತರ 1,817. ಲಕ್ಷಗಟ್ಟಲೆ ಮತ ಎಣಿಸುವ ಲೋಕಸಭಾ ಕ್ಷೇತ್ರದಲ್ಲಿ ಇದೂ ಒಂದು ಮತದಂಥದ್ದೇ. ಮರುದಿನ ಚಹಾದಂಗಡಿಯಲ್ಲಿ ಹಳೆಯ ಪರಿಚಯದವರೊಬ್ಬರು ಲೋಟ ಕೆಳಗಿಟ್ಟು ಕೇಳಿದರು: "ಈ ಸಲ ನಿಮ್ಮೋರು ಎಲ್ಲಾ ಒಂದೇ ಕಡ್ಗೆ ಹಾಕುದ್ರಂತಲ್ಲಾ ಸಾಬ್ರೆ?" ಅರ್ಧ ಗಂಟೆ ಕಳೆದ ಮೇಲೆ ಸೋತ ಪಕ್ಷದವರೊಬ್ಬರು ಅಲ್ಲಿಗೇ ಬಂದರು. ಅವರ ಮಾತು ಹೀಗಿತ್ತು: "ನಿಮ್ಮೋರು ಇನ್ನೊಸಿ ಜಾಸ್ತಿ ಬಂದು ಹಾಕಿದ್ರೆ ಹಿಂಗಾಯ್ತಿತ್ತಾ?" ಗೆದ್ದವರಿಗೆ ನಮ್ಮ ಮೊಹಲ್ಲಾ ಅಪರಾಧಿ, ಸೋತವರಿಗೂ ನಮ್ಮ ಮೊಹಲ್ಲಾ ಅಪರಾಧಿ. ಇದೇ ಪ್ರಶ್ನೆಗಳನ್ನು ದಲಿತರ ಬೀದಿಯಲ್ಲಿ, ಉಪ್ಪಾರರ ಬೀದಿಯಲ್ಲಿ, ಸೋಲಿಗರ ಪೋಡಿನಲ್ಲಿ ಬೇರೆ ಬೇರೆ ದನಿಯಲ್ಲಿ ಕೇಳುತ್ತಾರೆಂಬುದನ್ನು ನಾವು ಬಲ್ಲೆವು. ಹೆಚ್ಚು ಜನರಿರುವ ಬೀದಿಯನ್ನು ಮಾತ್ರ ಯಾರೂ ಹೀಗೆ ಕೇಳುವುದಿಲ್ಲ.

ಮತದಾನ ಗುಪ್ತವಲ್ಲವೇ, ಯಾವ ಬೀದಿ ಯಾರಿಗೆ ಹಾಕಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಓದುಗರು ಕೇಳಬಹುದು. ಒಬ್ಬೊಬ್ಬರ ಮತ ಗುಪ್ತ, ಬೀದಿಯದು ಗುಪ್ತವಲ್ಲ. ಮತಪತ್ರದ ಕಾಲದಲ್ಲಿ, ಅಗತ್ಯವೆಂದು ಕಂಡ ಕಡೆ, ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸುವ ಅವಕಾಶ ನಿಯಮದಲ್ಲಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬೇರೆ ಬೇರೆಯಾಗಿ ಬರುತ್ತದೆ, ಪಟ್ಟಿಯಾಗಿ ಎಲ್ಲರ ಕೈಗೂ ಸಿಗುತ್ತದೆ. ಒಂದು ಮತಗಟ್ಟೆಗೆ ಹೆಚ್ಚುಕಡಿಮೆ ಸಾವಿರ ಮತದಾರರು. ಪೇಟೆಯಲ್ಲಿ ಅದೊಂದು ಮೊಹಲ್ಲಾ, ಹನೂರಿನ ಕಾಡಂಚಿನಲ್ಲಿ ಅದೊಂದು ಇಡೀ ಹಳ್ಳಿ. ಚರಂಡಿಯಾಗಲಿಲ್ಲವೆಂದು ಹೇಳಲು ಹೋದವರಿಗೆ "ನಿಮ್ಮ ಬೂತಲ್ಲಿ ನಮಗೆ ಬಿದ್ದಿರೋದು ಎಷ್ಟು ಗೊತ್ತಾ?" ಎಂಬ ಉತ್ತರ ಸಿಗುವುದು ಈ ಪಟ್ಟಿಯ ಬಲದಿಂದ. ಇದನ್ನು ತಪ್ಪಿಸಲು ಹದಿನಾಲ್ಕು ಯಂತ್ರಗಳವರೆಗಿನ ಮತಗಳನ್ನು ಒಟ್ಟುಗೂಡಿಸಿ ತೋರಿಸುವ 'ಟೋಟಲೈಸರ್' ಎಂಬ ಉಪಕರಣ ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು. ಕಾನೂನು ಆಯೋಗ 2015ರ ವರದಿಯಲ್ಲಿ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಊರು ತಮಗೆ ಕೈಕೊಟ್ಟಿತೆಂದು ತಿಳಿದುಕೊಳ್ಳುವ ಆಸೆಯನ್ನು ಬಿಟ್ಟುಕೊಡುವ ಪಕ್ಷ ಯಾವುದು?

ಈ ರೋಗ ನಮ್ಮದೊಂದೇ ನಾಡಿನದಲ್ಲ. ನಮ್ಮ ಸಂವಿಧಾನದಲ್ಲಿ ಜನಮತಗಣನೆಯ ಏರ್ಪಾಡಿಲ್ಲ. ಅದಿರುವ ದೇಶಗಳಲ್ಲಿ ಇಡೀ ದೇಶವೇ ಒಂದು ದಿನ ಹೌದು-ಇಲ್ಲ ಎಂದು ಎರಡು ಪಾಲಾಗಿ ನಿಲ್ಲುತ್ತದೆ. ಕೆನಡಾದಿಂದ ಬೇರೆಯಾಗಬೇಕೇ ಎಂದು 1995ರ ಅಕ್ಟೋಬರ್ 30ರಂದು ಕ್ವಿಬೆಕ್ ಪ್ರಾಂತದ ಜನರನ್ನು ಕೇಳಿದಾಗ ನೂರಕ್ಕೆ 93ಕ್ಕಿಂತ ಹೆಚ್ಚು ಮಂದಿ ಬಂದು ಮತ ಹಾಕಿದರು. 'ಬೇಡ' ಎಂದವರು ಶೇಕಡಾ 50.58, 'ಬೇಕು' ಎಂದವರು ಶೇಕಡಾ 49.42. ಸೋತ ರಾತ್ರಿಯೇ ಪ್ರಾಂತದ ಪ್ರಧಾನಿ ಝಾಕ್ ಪಾರಿಝೊ ವೇದಿಕೆ ಹತ್ತಿ, ತಮ್ಮನ್ನು ಸೋಲಿಸಿದ್ದು ಹಣ ಮತ್ತು ಬೇರೆ ಜನಾಂಗದವರ ಮತಗಳು ಎಂಬರ್ಥದ ಮಾತಾಡಿದರು. ಆ ಮಾತಿಗೆ ಅವರ ಕಡೆಯವರಲ್ಲೇ ಎಷ್ಟೋ ಜನ ತಲೆ ತಗ್ಗಿಸಿದರು. ಮರುದಿನ ಅವರು ರಾಜೀನಾಮೆ ಘೋಷಿಸಿದರು. ಫ್ರೆಂಚ್ ಮಾತಾಡುವ ಲಕ್ಷಾಂತರ ಮಂದಿಯೂ 'ಬೇಡ' ಎಂದಿದ್ದರು. ಅವರ ಮತಕ್ಕೆ ಜನಾಂಗದ ಹೆಸರು ಅಂಟಲಿಲ್ಲ. ಚಹಾದಂಗಡಿಯ ಆ ಪ್ರಶ್ನೆಯನ್ನು ಅಟ್ಲಾಂಟಿಕ್ ಆಚೆ ಮೈಕಿನಲ್ಲಿ ಕೇಳಿದಂತೆ ನಮಗೆ ಅನಿಸಿತು.

2016ರ ಜೂನ್ 23ರಂದು ಐರೋಪ್ಯ ಒಕ್ಕೂಟದಿಂದ ಹೊರಬರುವ ಬಗ್ಗೆ ಬ್ರಿಟನ್ನಿನಲ್ಲಿ ಜನಮತಗಣನೆಯಾಯಿತು. ಹೊರಬರೋಣ ಎಂದವರು ಶೇಕಡಾ 51.9, ಉಳಿಯೋಣ ಎಂದವರು 48.1. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಬಹುಮತ ಉಳಿಯುವ ಕಡೆಗಿತ್ತು. ಗೆದ್ದವರು ಸಮಾಧಾನವಾಗಿರಬೇಕಿತ್ತಲ್ಲವೇ? ನಂತರದ ವಾರಗಳಲ್ಲಿ ದ್ವೇಷದ ಅಪರಾಧಗಳು ಏರಿದವು, ಲಂಡನ್ನಿನ ಪೋಲಿಷ್ ಸಾಂಸ್ಕೃತಿಕ ಕೇಂದ್ರದ ಗೋಡೆಯ ಮೇಲೆ ಬೈಗುಳ ಬಂತು. ಐರ್ಲೆಂಡ್‌ನಂಥ ಒಂದೆರಡು ದೇಶದವರನ್ನು ಬಿಟ್ಟರೆ ಅಲ್ಲಿ ನೆಲೆಸಿದ್ದ ಯುರೋಪಿನವರಿಗೆ ಆ ಗಣನೆಯಲ್ಲಿ ಮತವೇ ಇರಲಿಲ್ಲ. ಮತವಿಲ್ಲದವರೂ ಅಪರಾಧಿಗಳಾದರು. ಎಣಿಕೆ ಸಮಸಮವಾದಷ್ಟೂ ಗೆದ್ದವರಿಗೆ ತಮ್ಮ ಗೆಲುವಿನ ಮೇಲೆ ನಂಬಿಕೆ ಇರುವುದಿಲ್ಲ, ಸೋತವರಿಗೆ ತಮ್ಮ ಸೋಲಿನ ಮೇಲೂ ನಂಬಿಕೆ ಇರುವುದಿಲ್ಲ. ಇಬ್ಬರಿಗೂ ಮೂರನೆಯವನೊಬ್ಬ ಬೇಕಾಗುತ್ತಾನೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮವರು ಮೆಚ್ಚಿಕೊಂಡಾರು. ಆದರೆ ನಮ್ಮ ಮನೆಯ ಅಂಗಳವನ್ನೂ ನೋಡಬೇಕು. "ನಮ್ಮ ಇಷ್ಟು ಸಾವಿರ ಓಟು ಇವೆ" ಎಂದು ಪಕ್ಷಗಳ ಬಾಗಿಲಲ್ಲಿ ನಿಂತು ಹೇಳುವವರು ನಮ್ಮಲ್ಲೇ ಇದ್ದಾರೆ. ಇಡೀ ಮೊಹಲ್ಲಾವನ್ನು ಒಂದು ಗಂಟೆಂದು ತೋರಿಸಿ ಬೆಲೆ ಮಾತಾಡಿದ ಮೇಲೆ, ಗಂಟಿನಂತೆಯೇ ನಮ್ಮನ್ನು ಕಾಣುತ್ತಾರೆಂದು ದೂರುವುದು ಹೇಗೆ? ಆ ಗಂಟಿನೊಳಗಿಂದ ಯಾರಾದರೂ ಬೇರೆ ದಾರಿ ಹಿಡಿದರೆ ನಾವು ಏನು ಮಾಡುತ್ತೇವೆಂಬುದೂ ನಮಗೆ ಗೊತ್ತು.

2019ರ ಆ ಚುನಾವಣೆಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ, ರೇಷ್ಮೆ ರೀಲಿಂಗ್ ಘಟಕದಲ್ಲಿ ದುಡಿಯುತ್ತಿದ್ದವನು, ಮತಗಟ್ಟೆಯಿಂದಾಚೆ ಗೆದ್ದ ಪಕ್ಷದ ಟೇಬಲ್ಲಿನಲ್ಲಿ ಕುಳಿತು ಚೀಟಿ ಬರೆದುಕೊಟ್ಟ. ಹಣಕ್ಕೋ, ಗೆಳೆಯನ ಒತ್ತಾಯಕ್ಕೋ, ನಂಬಿಕೆಯಿಂದಲೋ ಯಾರೂ ಕೇಳಲಿಲ್ಲ. ಫಲಿತಾಂಶ ಬಂದದ್ದು ಮೇ 23ರಂದು, ರಂಜಾನ್ ತಿಂಗಳ ನಡುವೆ. ಇಫ್ತಾರಿನ ಹೊತ್ತಿಗೆ ಅವನ ಪಕ್ಕದ ಜಾಗ ಖಾಲಿ ಉಳಿಯತೊಡಗಿತು. ಜೂನ್ 5ರಂದು ಈದ್. ಈದ್ಗಾದಲ್ಲಿ ನಮಾಝ್ ಮುಗಿದು ಎಲ್ಲರೂ ಅಪ್ಪಿಕೊಳ್ಳುವಾಗ ಆತ ಚಪ್ಪಲಿ ಬಿಟ್ಟ ಕಡೆ ಒಬ್ಬನೇ ನಿಂತಿದ್ದ. ನಾವು ಅವನನ್ನು ನೋಡಿದೆವು. ಹತ್ತು ಹೆಜ್ಜೆಯ ದೂರ. ನಾವು ಹೋಗಲಿಲ್ಲ. ಮಾನವೀಯತೆಯ ಬಗ್ಗೆ ಕಥೆ ಬರೆದು ಬಹುಮಾನ ತಗೊಂಡವರು, ಅಂದು ನಾಲ್ಕು ಜನ ಏನೆಂದುಕೊಂಡಾರೋ ಎಂದು ಹಿಂಜರಿದೆವು. ಆ ವರ್ಷವೇ ಆತ ಕೆಲಸ ಹುಡುಕಿಕೊಂಡು ರಾಮನಗರಕ್ಕೆ ಹೋದ. ಈಗ ಈದಿಗೊಮ್ಮೆ ಫೋನ್ ಮಾಡುತ್ತೇವೆ. "ಮುಬಾರಕ್ ಚಾಚಾ" ಅನ್ನುತ್ತಾನೆ, ಮಾತು ಅಲ್ಲಿಗೆ ನಿಲ್ಲುತ್ತದೆ.

ನಮ್ಮಲ್ಲಿ ಎಲ್ಲರಿಗೂ ತಿಳಿದ ಉಹುದ್ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಶತ್ರು ಸೈನ್ಯ ಬರುತ್ತಿದೆಯೆಂದಾಗ ಪ್ರವಾದಿಯವರು (ಸ) ಜನರ ಅಭಿಪ್ರಾಯ ಕೇಳಿದರು. ಮದೀನಾದೊಳಗೇ ಇದ್ದು ಎದುರಿಸೋಣ ಎಂಬುದು ಅವರ ಒಲವಾಗಿತ್ತು. ಹೊರಗೆ ಹೋಗಿ ಹೋರಾಡೋಣ ಎಂದು ಹುರುಪಿನ ಯುವಕರು ಒತ್ತಾಯಿಸಿದರು, ಆ ಮಾತೇ ನಡೆಯಿತು. ತನ್ನ ಮಾತು ನಡೆಯಲಿಲ್ಲವೆಂದು ಅಬ್ದುಲ್ಲಾ ಬಿನ್ ಉಬೈ ಸುಮಾರು 300 ಜನರೊಂದಿಗೆ ಅರ್ಧ ದಾರಿಯಲ್ಲಿ ಹಿಂತಿರುಗಿದ. ಯುದ್ಧದಲ್ಲಿ ಸುಮಾರು 70 ಮಂದಿ ಹುತಾತ್ಮರಾದರು, ಪ್ರವಾದಿಯವರ ಚಿಕ್ಕಪ್ಪ ಹಂಝಾ ಅವರೂ ಸೇರಿ. "ನಿಮ್ಮ ಮಾತು ಕೇಳಿ ಹೀಗಾಯಿತು" ಎಂದು ಆ ಯುವಕರನ್ನು ಹಿಡಿದು ನಿಲ್ಲಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿತ್ತೆ? ಹಾಗಾಗಲಿಲ್ಲ. ತಪ್ಪಿದವರನ್ನು ಕ್ಷಮಿಸಿ, ಅವರೊಡನೆ ಸಮಾಲೋಚನೆಯನ್ನು ಮುಂದುವರಿಸಬೇಕೆಂಬ ಆದೇಶ ಬಂದದ್ದು ಈ ಸೋಲಿನ ಹಿನ್ನೆಲೆಯಲ್ಲೇ. ಜುಮಾ ಪ್ರವಚನಗಳಲ್ಲಿ ಉಹುದ್ ಎಂದರೆ ಬಿಲ್ಲುಗಾರರು ಜಾಗ ಬಿಟ್ಟದ್ದನ್ನು ಹೇಳುತ್ತಾರೆ. ಈ ಭಾಗವನ್ನು ನಾವು ಅಷ್ಟಾಗಿ ಕೇಳಿಲ್ಲ.

ತಲೆ ಎಣಿಸುವ ಪದ್ಧತಿಯ ಬಗ್ಗೆ ಇಕ್ಬಾಲರಿಗಿದ್ದ ಅಸಮಾಧಾನವನ್ನು ಉರ್ದು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ನಮಗೂ ಹರೆಯದಲ್ಲಿ ಅದು ಬಲು ಇಷ್ಟವಾಗಿತ್ತು. ಈಗ ಅನಿಸುವುದೇನೆಂದರೆ, ಎಣಿಕೆಯೇ ಬಡವನ ಪಾಲಿಗೆ ಉಳಿದಿರುವ ದೊಡ್ಡ ಮರ್ಯಾದೆ. ತೂಗಲು ಹೊರಟರೆ ತಕ್ಕಡಿ ಯಾರ ಕೈಯಲ್ಲಿರುತ್ತದೆ? ಎಣಿಕೆಯನ್ನು ದೂರಿ ಫಲವಿಲ್ಲ. ಅದು ಯಾರು ಕೂರಬೇಕೆಂದು ಹೇಳುತ್ತದೆ. ಯಾರು ಕೆಟ್ಟವರೆಂದು ಅದಕ್ಕೆ ಹೇಳಲು ಬಾರದು, ಅದನ್ನು ನಾವು ಆಮೇಲೆ ಸೇರಿಸುತ್ತೇವೆ.

ಹಾಗೆ ಸೇರಿಸದೆಯೂ ಮುಂದೆ ಹೋಗಬಹುದು ಎಂಬುದಕ್ಕೆ ನಮ್ಮ ನೆರೆಯ ಗೋವಾದಲ್ಲಿ ಉದಾಹರಣೆಯಿದೆ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಎಂದು 1967ರ ಜನವರಿ 16ರಂದು ಅಲ್ಲಿ ಜನಾಭಿಪ್ರಾಯ ಕೇಳಿದರು. ಉಳಿಯೋಣ ಎಂದವರು 1,72,191, ವಿಲೀನ ಎಂದವರು 1,38,170. ವಿಲೀನದ ಪರವಿದ್ದ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷದ ದಯಾನಂದ ಬಾಂದೋಡ್ಕರ್ ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು ಮೊದಲೇ ಅಧಿಕಾರ ಬಿಟ್ಟಿದ್ದರು. ಅವರು ಸೋತರು. ಎರಡೂವರೆ ತಿಂಗಳೊಳಗೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ಅದೇ ಜನ ಅವರ ಪಕ್ಷವನ್ನೇ ಗೆಲ್ಲಿಸಿದರು. 1973ರಲ್ಲಿ ತೀರಿಕೊಳ್ಳುವವರೆಗೆ ಅವರೇ ಮುಖ್ಯಮಂತ್ರಿ. ಬಿರುಕು ಮಾಯವಾಯಿತೆಂದು ನಾವು ಹೇಳುವುದಿಲ್ಲ. 1980ರ ದಶಕದ ಕೊಂಕಣಿ-ಮರಾಠಿ ಜಗಳದಲ್ಲಿ ಜೀವಗಳೂ ಹೋದವು. ಆದರೆ 1967ರಲ್ಲಿ ಒಂದು ಪ್ರಶ್ನೆಯಲ್ಲಿ ಸೋತವರು ಊರಿಗೇ ಬೇಡವಾದವರಾಗಲಿಲ್ಲ. ಆ ಪ್ರಶ್ನೆ ಬೇರೆ, ಈ ಮನುಷ್ಯ ಬೇರೆ ಎಂಬ ವಿವೇಕ ಆ ಜನರಿಗಿತ್ತು.

ನಮ್ಮ ಸೀಮೆಯನ್ನು ಹೀಗೆ ಕೂರಿಸಿ ಯಾರೂ ಕೇಳಿದ್ದಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಹನೂರು ಅದರ ಜೊತೆಗಿತ್ತು. ಯಳಂದೂರು ಮೈಸೂರಿನದು. ಫಝಲ್ ಅಲಿಯವರ ಅಧ್ಯಕ್ಷತೆಯ ಆಯೋಗ 1955ರಲ್ಲಿ ವರದಿ ಕೊಟ್ಟಿತು, ಸಂಸತ್ತು ಕಾಯ್ದೆ ಮಾಡಿತು, ನಾವೆಲ್ಲ ಒಂದು ರಾಜ್ಯದವರಾದೆವು. ಒಳ್ಳೆಯದೇ ಆಯಿತು. ಆದರೆ ಊರಿನ ಮಾತನ್ನು ಕೇಳುವ ಪದ್ಧತಿ ಆಮೇಲೂ ಬೆಳೆಯಲಿಲ್ಲ. ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿಯೊಂದೇ ಬಾಯಿ. ರಸ್ತೆಯ ಸಿಟ್ಟು, ನೀರಿನ ಸಿಟ್ಟು, ಕೆಲಸವಿಲ್ಲದ ಸಿಟ್ಟು ಎಲ್ಲವನ್ನೂ ಆ ಒಂದು ಗುಂಡಿಯ ಮೇಲೆ ಹೇರಿದರೆ ಏನಾಗುತ್ತದೆ?

2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಅದು ಕಣ್ಣಿಗೆ ಕಂಡಿತು. ಮಲೆ ಮಹದೇಶ್ವರ ಬೆಟ್ಟದ ಹತ್ತಿರದ ಆ ಕಾಡಿನ ಊರು ರಸ್ತೆ ಮುಂತಾದ ಸೌಕರ್ಯಗಳಿಲ್ಲವೆಂದು ಲೋಕಸಭಾ ಚುನಾವಣೆಯ ಬಹಿಷ್ಕಾರಕ್ಕೆ ಹೊರಟಿತ್ತು. ಅಧಿಕಾರಿಗಳು ಮನವೊಲಿಸಲು ನೋಡಿದರು. ಮತ ಹಾಕೋಣ ಎನ್ನುವವರಿಗೂ ಬೇಡ ಎನ್ನುವವರಿಗೂ ಜಗಳ ಹತ್ತಿ, ಮತಗಟ್ಟೆಗೆ ಕಲ್ಲು ಬಿದ್ದು, ಮತಯಂತ್ರ ಒಡೆದುಹೋಯಿತು. ಪ್ರಕರಣಗಳಾದವು, ಬಂಧನಗಳಾದವು. ಏಪ್ರಿಲ್ 29ರಂದು ಮರುಮತದಾನವೂ ಆಯಿತು, ಬಂದು ಮತ ಹಾಕಿದವರು ತೀರಾ ಕಡಿಮೆ. ಸುದ್ದಿಯಲ್ಲಿ ನಾವು ಓದಿದ್ದು ಒಡೆದ ಯಂತ್ರದ ಬಗ್ಗೆ, ತಪ್ಪಿತಸ್ಥರ ಬಗ್ಗೆ. ಒಂದೇ ರಸ್ತೆಗಾಗಿ ಕಾಯುತ್ತಿದ್ದ ಎರಡು ಗುಂಪು ಪರಸ್ಪರ ಕೈಮಾಡುವ ಹಾಗೆ ಆದದ್ದು ಹೇಗೆಂದು ಬರೆದವರು ಕಡಿಮೆ. ಅಲ್ಲಿಯೂ ರಸ್ತೆ ಮಾಡದವರು ಕಥೆಯಿಂದ ಹೊರಗುಳಿದರು, ರಸ್ತೆಯಿಲ್ಲದವರು ಆರೋಪಿಗಳಾದರು.

ಈಗ ಒಂದು ಮತದ ಕಥೆಗೆ ಹಿಂತಿರುಗೋಣ. ಯಾರೂ ಹೇಳದ ಅದರ ಮುಂದಿನ ಭಾಗ ಹೀಗಿದೆ. 2009ರ ಲೋಕಸಭಾ ಚುನಾವಣೆಯಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಕೃಷ್ಣಮೂರ್ತಿಯವರು ಆಗ ಬಿಜೆಪಿಯಲ್ಲಿದ್ದರು. ಸುಮಾರು 4,000 ಮತಗಳ ಅಂತರದಿಂದ ಧ್ರುವನಾರಾಯಣ ಅವರೇ ಗೆದ್ದರು. 2018ರಲ್ಲಿ ಕೊಳ್ಳೇಗಾಲ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಅವರನ್ನು ಆರಿಸಿತು, 2021ರಲ್ಲಿ ಅವರು ಬಿಜೆಪಿ ಸೇರಿದರು. 2023ರ ಮಾರ್ಚ್ 11ರಂದು ಧ್ರುವನಾರಾಯಣ ಅವರು ತೀರಿಕೊಂಡರು. ಎರಡು ತಿಂಗಳಿಗೆ ನಡೆದ ಚುನಾವಣೆಯಲ್ಲಿ ಕೊಳ್ಳೇಗಾಲದಿಂದ ಭಾರಿ ಅಂತರದಲ್ಲಿ ಗೆದ್ದವರು ಎ.ಆರ್. ಕೃಷ್ಣಮೂರ್ತಿ. ಚಿಹ್ನೆ ಕಾಂಗ್ರೆಸ್ಸಿನದು, ಹತ್ತೊಂಬತ್ತು ವರ್ಷದ ಹಿಂದೆ ಅವರನ್ನು ಒಂದು ಮತದಿಂದ ಸೋಲಿಸಿದ್ದ ಅದೇ ಚಿಹ್ನೆ.

ನಾಯಕರು ಪಕ್ಷ ಬದಲಿಸಿದರೆಂದು ನಾವು ಇಲ್ಲಿ ದೂರುತ್ತಿಲ್ಲ, ಅದು ಅವರಿಗೂ ಅವರ ಮತದಾರರಿಗೂ ಬಿಟ್ಟದ್ದು. ಚಿಹ್ನೆಗಳು ಹೀಗೆ ಜಾಗ ಬದಲಿಸುತ್ತಲೇ ಇರುತ್ತವೆ. ಚಿಹ್ನೆಗಾಗಿ ಜಾಗ ಬಿಟ್ಟುಹೋದ ಮನುಷ್ಯರು ಮಾತ್ರ ಅಷ್ಟು ಸುಲಭವಾಗಿ ಹಿಂತಿರುಗುವುದಿಲ್ಲ. ಫಲಿತಾಂಶದ ದಿನ ಮಾತು ಬಿಟ್ಟ ದಾಯಾದಿಗಳು, ಗಿರಾಕಿ ಕಳೆದುಕೊಂಡ ಅಂಗಡಿಯವರು, ಈದ್ಗಾದಲ್ಲಿ ಒಬ್ಬನೇ ನಿಂತ ಹುಡುಗ, ಇವರು ಆ ಕಥೆಯಲ್ಲಿಲ್ಲ. ಮುಂದಿನ ಚುನಾವಣೆಗೆ ಮಕ್ಕಳಿಗೆ ಒಂದು ಮತದ ಕಥೆ ಹೇಳುವ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ಕಥೆ ಹೇಳಿ, ಮತದ ಬೆಲೆಯನ್ನೂ ಹೇಳಿ. ಆಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಮರುದಿನ ಬೆಳಿಗ್ಗೆ ಆ 40,751 ಜನರನ್ನು ನೀವು ದಾರಿಯಲ್ಲಿ ಕಂಡಿದ್ದರೆ ಏನು ಮಾತಾಡಿಸುತ್ತಿದ್ದಿರಿ?